ಮೀಟಿನ ಔಚಿತ್ಯ

ಧರ್ಮಾಧರ್ಮಗಳ ವಿಚಾರವೆಂದೊಡನೆ ನಮ್ಮ ಮನಸ್ಸು ದೊಡ್ಡ ಸಂಗತಿಗಳ ಕಡೆಗೆ ಹೋಗುವುದು ವಾಡಿಕೆ. ಸತ್ಯ, ದಾನ, ಪ್ರತಿಜ್ಞೆ, ಯುದ್ಧ, ರಾಜ್ಯಭಾರ ಇವು ಗ್ರಂಥಕ್ಕೂ ಸಭೆಗೂ ತಕ್ಕ ವಿಷಯಗಳೆಂದು ಎಲ್ಲರೂ ಒಪ್ಪುತ್ತಾರೆ. ಊಟದ ರುಚಿ, ಉಡುಪಿನ ಬಣ್ಣ, ವಾದ್ಯದ ನಾದ ಮೊದಲಾದವು ಅವರವರ ಅಭಿರುಚಿಗೆ ಸೇರಿದವು. ಅಲ್ಲಿ ತಪ್ಪು ಸರಿಗಳ ಮಾತನ್ನು ತರುವುದು ಅರಸಿಕತೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಈ ಭಾವನೆ ಎಷ್ಟರ ಮಟ್ಟಿಗೆ ನಿಜ, ಎಲ್ಲಿಗೆ ಬಂದು ಅದು ನಿಲ್ಲಬೇಕು ಎಂಬುದನ್ನು ಒಂದು ಅತಿ ಸಣ್ಣ ವಸ್ತುವಿನ ಉದಾಹರಣೆಯಿಂದ ಪರಿಶೀಲಿಸಬಹುದೆಂದು ತೋರುತ್ತದೆ. ಆ ವಸ್ತು ಯಾವುದೆಂದರೆ, ಗಿಟಾರ್ ವಾದಕರು ‘ಪಿಕ್’ ಎಂದು ಕರೆಯುವ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ, ಮೂರು ಮೂಲೆಯ ಒಂದು ತೆಳು ತುಂಡು. ಅದನ್ನು ಬೆರಳುಗಳ ನಡುವೆ ಹಿಡಿದು ತಂತಿಯನ್ನು ಮೀಟುತ್ತಾರೆ. ಸರಿಯಾದ ಪಿಕ್ ಯಾವುದು ಎಂಬ ಪ್ರಶ್ನೆ ವಾದಕರನ್ನು ಬಹುಕಾಲದಿಂದ ಕಾಡಿದೆ. ಆ ‘ಸರಿ’ ಎಂಬ ಮಾತಿನಲ್ಲಿ ಏನೇನು ಅಡಗಿದೆ ಎಂಬುದೇ ಇಲ್ಲಿಯ ವಿಚಾರ.

ಈ ಬಗೆಯ ಸಾಧನ ನಮ್ಮವರಿಗೆ ಹೊಸದಲ್ಲ. ವೈಣಿಕರಲ್ಲಿ ಕೆಲವರು ಉಗುರಿನಿಂದ ನುಡಿಸುತ್ತಾರೆ, ಕೆಲವರು ಬೆರಳಿಗೆ ತಂತಿಯ ಮೀಟನ್ನು ತೊಟ್ಟು ನುಡಿಸುತ್ತಾರೆ. ಸಿತಾರಿನವರಿಗೆ ತಂತಿಯ ಮಿಜ್ರಾಬ್ ಇದೆ. ಸರೋದಿನವರು ತೆಂಗಿನ ಕರಟವನ್ನು ಉಜ್ಜಿ ಮಾಡಿದ ಜವಾವನ್ನು ಹಿಡಿಯುತ್ತಾರೆ. ವೀಣೆ ಮೊದಲಾದವನ್ನು ನುಡಿಸುವ ಸಾಧನಕ್ಕೆ ಅಮರಕೋಶ ‘ಕೋಣ’ ಎಂಬ ಹೆಸರನ್ನು ಕೊಡುತ್ತದೆ. ಕೋಣನ ಮುಂದೆ ಕಿನ್ನರಿ ಬಾರಿಸುವುದು ವ್ಯರ್ಥವೆಂದು ಗಾದೆ ಹೇಳುವ ನಾಡಿನಲ್ಲಿ, ಕೋಣದಿಂದಲೇ ಕಿನ್ನರಿ ಬಾರಿಸುವುದೆಂದರೆ ಕೇಳಿದವರು ನಕ್ಕಾರು. ಆದಕಾರಣ ಈ ಲೇಖನದಲ್ಲಿ ‘ಮೀಟು’ ಎಂಬ ಮಾತನ್ನೇ ಬಳಸುತ್ತೇನೆ.

ಗಿಟಾರ್ ಬೆಳೆದುಬಂದ ಯೂರೋಪಿನಲ್ಲಿ ಮೀಟಿಗೂ ಬೆರಳಿಗೂ ನಡುವಣ ಸ್ಪರ್ಧೆ ಹಳೆಯದು. ಮೊದಲು ಗರಿಯ ಮೀಟಿನಿಂದ ಲ್ಯೂಟ್ ವಾದ್ಯವನ್ನು ನುಡಿಸುತ್ತಿದ್ದವರು 15ನೆಯ ಶತಮಾನದ ಉತ್ತರಾರ್ಧದಲ್ಲಿ ಬೆರಳುಗಳನ್ನು ಬಳಸತೊಡಗಿದರು. ಒಂದೇ ಕಾಲದಲ್ಲಿ ಹಲವು ಸ್ವರಧಾರೆಗಳನ್ನು ನಡೆಸಲು ಒಂದು ಗರಿಗೆ ಸಾಧ್ಯವಿಲ್ಲ, ನಾಲ್ಕು ಬೆರಳಿಗೆ ಸಾಧ್ಯ. 16ನೆಯ ಶತಮಾನದ ಸ್ಪೇನಿನಲ್ಲಿ ಗಿಟಾರಿನ ಬಂಧುವಾದ ವಿಹುವೇಲ ಎಂಬ ವಾದ್ಯಕ್ಕೆ ಕೈಯಿಂದ ನುಡಿಸುವುದು, ಗರಿಯಿಂದ ನುಡಿಸುವುದು ಎಂದು ಎರಡು ಹೆಸರುಗಳೇ ಇದ್ದವು. ಮುಂದೆ 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನೃತ್ಯಮೇಳಗಳಿಗೆ ಗಿಟಾರ್ ಪ್ರವೇಶಿಸಿದಾಗ ಕಹಳೆ ತಮಟೆಗಳ ನಡುವೆ ಅದರ ದನಿ ಕೇಳಿಸಬೇಕಾಯಿತು. ಉಕ್ಕಿನ ತಂತಿಗಳು ಬಂದವು. ಆ ತಂತಿಗಳ ಮೇಲೆ ಬೆರಳು ಸವೆಯುವುದರಿಂದಲೂ ದನಿ ಸಾಲದಾದುದರಿಂದಲೂ ಗಟ್ಟಿಯಾದ ಮೀಟು ಅವಶ್ಯವಾಯಿತು. ಎಡ್ಡಿ ಲ್ಯಾಂಗ್ (1902–1933) ಮೊದಲಾದವರು ಅದನ್ನು ಒಂದು ಕಲೆಯಾಗಿ ಬೆಳೆಸಿದರು.

ಇಷ್ಟು ಚಿಕ್ಕ ತುಂಡು ನಾದವನ್ನು ಬದಲಾಯಿಸುವುದು ಹೇಗೆಂಬುದನ್ನು ತಿಳಿಯುವುದು ಕಷ್ಟವಲ್ಲ. ಮೀಟಿದ ತಂತಿಯಿಂದ ಹೊರಡುವುದು ಒಂದೇ ಸ್ವರವಲ್ಲ. ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಅನುಸ್ವರಗಳೂ ಮೊಳಗುತ್ತವೆ. ತಂತಿಯನ್ನು ಬಿಡುವ ಕ್ಷಣದಲ್ಲಿ ಅದು ಚೂಪಾದ ಕೋನವಾಗಿ ಬಾಗಿದ್ದರೆ ಮೇಲಿನ ಅನುಸ್ವರಗಳು ಹೆಚ್ಚಾಗಿ ಹೊರಟು ನಾದ ಹೊಳಪಾಗಿ, ಸ್ವಲ್ಪ ಕಟುವಾಗಿ ಕೇಳುತ್ತದೆ. ಮೃದುವಾದ ಅಗಲವಾದ ವಸ್ತು ತಗುಲಿದ್ದರೆ ಆ ಕೋನ ದುಂಡಾಗಿ, ಮೇಲಿನವು ಅಡಗಿ, ನಾದ ತುಂಬುಗೊರಳಿನದಾಗುತ್ತದೆ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ನಾದವಿಷಯಕ ಗ್ರಂಥದಲ್ಲಿ ಬೆರಳಿಗೂ ಗಟ್ಟಿ ಮೊನೆಗೂ ಇರುವ ಈ ಭೇದವನ್ನು ವಿವರಿಸಿದ್ದಾರೆ. ಅವರಿಗಿಂತ ಮೊದಲೇ, 1800ರಲ್ಲಿ, ಇಂಗ್ಲೆಂಡಿನ ಥಾಮಸ್ ಯಂಗ್ ಅವರು ತಂತಿಯನ್ನು ಎಲ್ಲಿ ಮೀಟುತ್ತೇವೆಯೋ ಅಲ್ಲಿ ನಿಶ್ಚಲಬಿಂದುವುಳ್ಳ ಅನುಸ್ವರಗಳು ಹುಟ್ಟುವುದಿಲ್ಲವೆಂಬುದನ್ನು ತೋರಿಸಿದ್ದರು. ಮೀಟಿನ ವಸ್ತು, ದಪ್ಪ, ಮೊನೆ, ಓರೆ, ಮೀಟುವ ಸ್ಥಾನ ಇವೆಲ್ಲವೂ ಸೇರಿ ನಾದವನ್ನು ರೂಪಿಸುತ್ತವೆ ಎಂಬುದು ಇದರ ತಾತ್ಪರ್ಯ.

ಈಗ ಸರಿಯಾದ ಮೀಟು ಯಾವುದೆಂದು ಕೇಳೋಣ. ಉತ್ತರ ಹೇಳಲು ಅಧಿಕಾರವುಳ್ಳ ಮೊದಲ ಸಾಕ್ಷಿ ಕೈ. ತೆಳುವಾದ ಮೀಟು ತಂತಿಗೆ ಸೋತು ಬಾಗುತ್ತದೆ. ಆರು ತಂತಿಗಳ ಮೇಲೂ ಒಂದೇ ಬೀಸಿನಲ್ಲಿ ಸಾಗಬೇಕಾದವನಿಗೆ ಅದು ಅನುಕೂಲ. ಒಂದೊಂದೇ ಸ್ವರವನ್ನು ಬಿಡಿಸಿ ವೇಗವಾಗಿ ನುಡಿಸುವವನಿಗೆ ಅದೇ ಬಾಗುವಿಕೆ ತೊಡಕು. ಅವನಿಗೆ ಬಾಗದ ದಪ್ಪ ಮೀಟು ಬೇಕು. ಅರ್ಧ ಮಿಲಿಮೀಟರಿಗಿಂತ ತೆಳುವಾದವುಗಳಿಂದ ಹಿಡಿದು 3 ಮಿಲಿಮೀಟರಿಗೂ ಮೀರಿದವುಗಳವರೆಗೆ ಮೀಟುಗಳು ದೊರೆಯುತ್ತವೆ. ಅಮೆರಿಕದ ಡನ್ಲಪ್ ಕಂಪನಿ 1981ರಲ್ಲಿ ಹೊರತಂದ ಟಾರ್ಟೆಕ್ಸ್ ಎಂಬ ಮೀಟುಗಳಲ್ಲಿ 0.50 ಮಿಲಿಮೀಟರಿನದು ಕೆಂಪು, 0.60ರದು ಕಿತ್ತಳೆ, 0.73ರದು ಹಳದಿ, 0.88ರದು ಹಸಿರು, 1.00ರದು ನೀಲಿ, 1.14ರದು ನೇರಳೆ. ಹಳದಿಗೂ ಹಸಿರಿಗೂ ಇರುವ ಅಂತರ ಕಣ್ಣಿಗೆ ಕಾಣದಷ್ಟು ಸಣ್ಣದು; ಆದರೂ ಅಭ್ಯಾಸವಾದ ಬೆರಳು ಅದನ್ನು ಒಂದೇ ಮೀಟಿಗೆ ಗುರುತಿಸುತ್ತದೆ.

ಹಿಡಿತದ ವಿಷಯವೂ ಹೀಗೆಯೇ. ಮಡಿಸಿದ ತೋರುಬೆರಳಿನ ಪಕ್ಕದ ಮೇಲೆ ಮೀಟನ್ನಿಟ್ಟು ಹೆಬ್ಬೆರಳಿನಿಂದ ಅದುಮುವುದು ಸಾಮಾನ್ಯ ಪದ್ಧತಿ. ಬಿಗಿಯಾಗಿ ಹಿಡಿದರೆ ಮಣಿಕಟ್ಟು ಸೆಟೆದು ಬೇಗ ದಣಿಯುತ್ತದೆ, ನಾದವೂ ಬಿರುಸಾಗುತ್ತದೆ. ಸಡಿಲವಾಗಿ ಹಿಡಿದರೆ ಮೀಟು ತಿರುಗಿ ಜಾರುತ್ತದೆ; ಎಷ್ಟೋ ವೇಳೆ ವಾದ್ಯದ ಹೊಟ್ಟೆಯೊಳಗೇ ಬಿದ್ದು, ಗಿಟಾರನ್ನು ಬೋರಲುಹಾಕಿ ಅಲುಗಿಸಿ ಅದನ್ನು ಹೊರಗೆ ತೆಗೆಯಬೇಕಾಗುತ್ತದೆ. ಬೆವರುವ ಕೈಯವರಿಗಾಗಿ ತಯಾರಕರು ಮೀಟಿನ ಮೇಲೆ ಉಬ್ಬು ಅಕ್ಷರಗಳನ್ನು ಅಚ್ಚೊತ್ತುತ್ತಾರೆ, ರಂಧ್ರ ಕೊರೆಯುತ್ತಾರೆ, ಮೈಯನ್ನು ತರಿತರಿಯಾಗಿ ಬಿಡುತ್ತಾರೆ. ಬರಹ ಕಲಿಯುವ ಮಗು ಲೇಖನಿಯನ್ನು ಕಾಗದ ಹರಿಯುವಂತೆ ಒತ್ತಿಹಿಡಿಯುತ್ತದೆ. ಕೈ ಪಳಗಿದ ಮೇಲೆ ಲೇಖನಿ ಬೀಳದಷ್ಟು ಮಾತ್ರ ಹಿಡಿಯುತ್ತದೆ. ಮೀಟಿನ ಹಿಡಿತವೂ ಅಂಥದೇ. ಅದರ ಅಳತೆಯನ್ನು ಪುಸ್ತಕ ಹೇಳಲಾರದು. ಒಬ್ಬನ ಕೈಗೆ ಒಗ್ಗಿದ್ದು ಇನ್ನೊಬ್ಬನ ಕೈಗೆ ಒಗ್ಗಬೇಕಾಗಿಯೂ ಇಲ್ಲ.

ಎರಡನೆಯ ಸಾಕ್ಷಿ ಕಿವಿ. ಇಲ್ಲಿ ಮತಭೇದ ಇನ್ನೂ ತೀಕ್ಷ್ಣ. ಇದಕ್ಕೆ ಇತಿಹಾಸದಲ್ಲಿ ಒಂದು ಸುಂದರವಾದ ದೃಷ್ಟಾಂತವಿದೆ. ಬಾರ್ಸಿಲೋನದ ಫೆರ್ನಾಂಡೊ ಸೋರ್ (1778–1839), ಮ್ಯಾಡ್ರಿಡ್ಡಿನ ಡಿಯೋನಿಸಿಯೊ ಅಗ್ವಾಡೊ (1784–1849) ಇಬ್ಬರೂ ತಮ್ಮ ಕಾಲದ ಶ್ರೇಷ್ಠ ಗಿಟಾರ್ ವಾದಕರು. ಪ್ಯಾರಿಸ್ಸಿನಲ್ಲಿ ಆತ್ಮೀಯ ಗೆಳೆಯರಾಗಿದ್ದವರು. ಸೋರ್ ಬೆರಳ ತುದಿಯ ಮಾಂಸಲಭಾಗದಿಂದ ನುಡಿಸುತ್ತಿದ್ದರು. ಅಗ್ವಾಡೊ ಉಗುರನ್ನು ಬಳಸುತ್ತಿದ್ದರು. 1830ರಲ್ಲಿ ಪ್ರಕಟವಾದ ತಮ್ಮ ಬೋಧನಗ್ರಂಥದಲ್ಲಿ ಸೋರ್, ಉಗುರಿನವರ ವಾದನವನ್ನು ತಾವು ಸಹಿಸಲಾರದೆ ಇದ್ದುದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಗೆಳೆಯ ಅಗ್ವಾಡೊಗೆ ಮಾತ್ರ ಅದರಿಂದ ವಿನಾಯಿತಿ. ಅದೇ ಸುಮಾರಿಗೆ ತಾವಿಬ್ಬರೂ ಕೂಡಿ ನುಡಿಸಲೆಂದು ಅವರು ರಚಿಸಿದ ಯುಗಳ ಕೃತಿಗೆ ‘ಇಬ್ಬರು ಗೆಳೆಯರು’ ಎಂಬ ಅರ್ಥದ ಹೆಸರನ್ನಿಟ್ಟರು. ಮಾಂಸದ ನಾದ, ಉಗುರಿನ ನಾದ ಎರಡೂ ಒಂದೇ ಕೃತಿಯಲ್ಲಿ ಜೊತೆಗೂಡಿದವು.

ವಾದ ಅಲ್ಲಿಗೆ ಮುಗಿಯಲಿಲ್ಲ. ಫ್ರಾನ್ಸಿಸ್ಕೊ ತಾರ್ರೆಗ (1852–1909) ತಮ್ಮ ಕೊನೆಯ ವರ್ಷಗಳಲ್ಲಿ ಉಗುರನ್ನು ಕತ್ತರಿಸಿ ಬರಿಬೆರಳಿಗೆ ತಿರುಗಿದರು. ಶಿಷ್ಯ ಎಮಿಲಿಯೊ ಪುಜೋಲ್ ಅದೇ ದಾರಿಯನ್ನು ಹಿಡಿದರು. ಆಂಡ್ರೆಸ್ ಸೆಗೋವಿಯ ಉಗುರಿನಿಂದ ನುಡಿಸಿಯೇ ಲೋಕವಿಖ್ಯಾತರಾದರು. ಇವರಲ್ಲಿ ಯಾರು ಸರಿ, ಯಾರು ತಪ್ಪು? ಹೀಗೆ ಕೇಳುವುದೇ ಅಸಂಗತ. ಮಲ್ಲಿಗೆಯ ಕಂಪು ಮೇಲೋ ಸಂಪಿಗೆಯ ಕಂಪು ಮೇಲೋ ಎಂದು ಪಂಚಾಯಿತಿ ಕೂರಿಸುವವರಿಲ್ಲ. ನಾದದ ವಿಷಯದಲ್ಲಿ ಅಭಿರುಚಿಗೆ ಸ್ವಾತಂತ್ರ್ಯವಿದೆ, ಇರಬೇಕು. ಆ ಸ್ವಾತಂತ್ರ್ಯವನ್ನು ಕಸಿದುಕೊಂಡು ಎಲ್ಲರ ಕೈಗೂ ಒಂದೇ ಮೀಟನ್ನು ಕೊಡುವ ಶಾಸ್ತ್ರ ಸಂಗೀತಕ್ಕೆ ಹಿತವಾಗದು.

ಕೈ ಕಿವಿಗಳೆರಡೂ ಒಪ್ಪಿದ ಮೇಲೆ ಮೀಟು ಸರಿಯಾಯಿತು ಎನ್ನಬಹುದೆ? ಬಹುಮಂದಿ ಹಾಗೆಂದೇ ಹೇಳುವರು. ಆದರೆ ಮೀಟಿನ ಚರಿತ್ರೆಯನ್ನು ಓದಿದವನು ಅಲ್ಲಿ ನಿಲ್ಲಲಾರ. ಏಕೆಂದರೆ ಕೈಗೂ ಕಿವಿಗೂ ಅತ್ಯಂತ ಒಪ್ಪಿಗೆಯಾದದ್ದೆಂದು ಒಂದು ಶತಮಾನಕ್ಕೂ ಮೀರಿ ಹೆಸರಾಂತಿದ್ದ ಮೀಟು ಕಡಲಾಮೆಯ ಚಿಪ್ಪಿನದು.

ಗಿಡುಗನ ಕೊಕ್ಕಿನಂಥ ಮೂತಿಯಿರುವುದರಿಂದ ಹಾಕ್ಸ್‌ಬಿಲ್ ಎಂದು ಹೆಸರಾದ ಈ ಆಮೆ ಉಷ್ಣವಲಯದ ಸಮುದ್ರಗಳಲ್ಲಿ ವಾಸಿಸುತ್ತದೆ. ಇದರ ಬೆನ್ನಿನ ಮೇಲೆ ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಹೊದಿಸಿದ 13 ದೊಡ್ಡ ಫಲಕಗಳಿವೆ. ಜೇನಿನ ಬಣ್ಣದಲ್ಲಿ ಕಂದು ಕಪ್ಪು ಮೋಡಗಳು ಹರಡಿದಂಥ ಅವುಗಳ ಚೆಲುವನ್ನು ಯಾರೂ ಅಲ್ಲಗಳೆಯಲಾರರು. ಈ ಚಿಪ್ಪು ಬಿಸಿಗೆ ಮೆತ್ತಗಾಗಿ ಬೇಕಾದ ಆಕಾರವನ್ನು ತಾಳುತ್ತದೆ, ನಯವಾಗಿ ಉಜ್ಜಿಸಿಕೊಳ್ಳುತ್ತದೆ, ಬೆರಳಿನ ಬಿಸುಪಿಗೆ ಅಂಟಿದಂತೆ ನಿಲ್ಲುತ್ತದೆ, ತಂತಿಯಿಂದ ಗರಗರ ಸದ್ದಿಲ್ಲದೆ ಜಾರುತ್ತದೆ. ಮ್ಯಾಂಡೊಲಿನ್ ಮತ್ತು ಗಿಟಾರ್ ವಾದಕರು ಇದನ್ನು ಮೆಚ್ಚಿದುದಕ್ಕೆ ಕಾರಣವಿತ್ತು. ಆ ನಾದ ಮೇಲೆಂಬುದು ಬರಿಯ ಭ್ರಮೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಪ್ರಾಮಾಣಿಕವಾದ ವಾದವಲ್ಲ. ಸೂಕ್ಷ್ಮವಾದ ಕೈಯುಳ್ಳ ಅನೇಕರು ಅದಕ್ಕೆ ಸಮನಾದದ್ದನ್ನು ಕಾಣೆವೆಂದಿದ್ದಾರೆ. ಆ ಮಾತನ್ನು ಒಪ್ಪಿಕೊಂಡೇ ವಿಚಾರಮಾಡೋಣ.

ಆ ಚಿಪ್ಪು ದೊರೆಯುವ ಬಗೆ ಹೇಗೆ? ಸಿಂಹಳದಲ್ಲಿ ಬ್ರಿಟಿಷ್ ಸರ್ಕಾರದ ವಸಾಹತು ಕಾರ್ಯದರ್ಶಿಯಾಗಿದ್ದ ಜೇಮ್ಸ್ ಎಮರ್ಸನ್ ಟೆನೆಂಟ್ 19ನೆಯ ಶತಮಾನದ ಮಧ್ಯದಲ್ಲಿ ಅಲ್ಲಿಯ ಪದ್ಧತಿಯನ್ನು ವರ್ಣಿಸಿದ್ದಾರೆ. ಆಮೆ ಸತ್ತು ಕೊಳೆತಮೇಲೆ ತೆಗೆದ ಚಿಪ್ಪಿನ ಬಣ್ಣ ಮಬ್ಬಾಗುತ್ತದೆ. ಆದುದರಿಂದ ಮೊಟ್ಟೆಯಿಡಲು ದಡಕ್ಕೆ ಬಂದ ಆಮೆಯನ್ನು ಹಿಡಿದು, ಜೀವವಿರುವಾಗಲೇ ಬೆಂಕಿಯ ಮೇಲೆ ತೂಗುಹಾಕಿ, ಫಲಕಗಳು ಎಲುಬಿನಿಂದ ಬಿಟ್ಟುಕೊಳ್ಳುವವರೆಗೂ ಕಾಯಿಸಿ, ಅನಂತರ ಕಡಲಿಗೆ ಬಿಡುತ್ತಿದ್ದರು. 2019ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಅಂದಾಜಿನಂತೆ 1844ರಿಂದ 1992ರವರೆಗೆ ಚಿಪ್ಪಿನ ವ್ಯಾಪಾರಕ್ಕೆ ಬಲಿಯಾದ ಹಾಕ್ಸ್‌ಬಿಲ್ ಆಮೆಗಳು ಸುಮಾರು 90 ಲಕ್ಷ. ಪ್ರಾಯಕ್ಕೆ ಬರಲು ಹತ್ತಿರ ಹತ್ತಿರ 20 ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುವ ಪ್ರಾಣಿ ಈ ಕೊಳ್ಳೆಯನ್ನು ತಾಳಿಕೊಳ್ಳುವುದು ಹೇಗೆ? ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದ 1975ರಲ್ಲಿ ಜಾರಿಗೆ ಬಂದಿತು. 1977ರಲ್ಲಿ ಹಾಕ್ಸ್‌ಬಿಲ್ ಆಮೆಯೆಲ್ಲವೂ ಅದರ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿತು. 1996ರಿಂದ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಯೆಂದು ಗಣಿಸಲಾಗಿದೆ.

ಇಲ್ಲಿ ಮೂರನೆಯ ಸಾಕ್ಷಿ ಮಾತನಾಡತೊಡಗುತ್ತದೆ, ಅದು ಅಂತಃಸಾಕ್ಷಿ. ಅದರ ಮಾತಿಗೆ ಎದುರಾಗಿ ಬರುವ ಪೂರ್ವಪಕ್ಷಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: ಮೀಟು ಅಷ್ಟು ಚಿಕ್ಕದು, ನನ್ನ ಪಾಲು ಅಷ್ಟು ಅಲ್ಪ ಎಂಬುದು. ಇದರಲ್ಲಿ ಸತ್ಯಾಂಶವಿದೆ. ಚಿಪ್ಪಿನ ಬಹುಪಾಲು ಬಾಚಣಿಗೆ, ಕರಂಡಕ, ಕನ್ನಡಕದ ಕಟ್ಟು ಮೊದಲಾದ ಅಲಂಕಾರಗಳಿಗೆ ಹೋಗುತ್ತಿತ್ತು. ಮೀಟಿಗೆ ಹೋದದ್ದು ಅದರ ಅಂಚಿನ ಚೂರು. ಆದರೆ ಬಾಚಣಿಗೆಯವಳೂ ಕರಂಡಕದವನೂ ಇದೇ ಮಾತನ್ನು ಹೇಳಬಲ್ಲರಷ್ಟೆ. ಹಾಲಿನಿಂದ ಕೊಳ ತುಂಬಬೇಕೆಂದು ರಾಜಾಜ್ಞೆಯಾದಾಗ ಊರಿನ ಪ್ರತಿಯೊಬ್ಬನೂ ತನ್ನೊಂದು ಚೊಂಬು ನೀರು ಯಾರಿಗೆ ತಿಳಿದೀತೆಂದು ಸುರಿದು, ಬೆಳಗಾದಾಗ ಕೊಳದ ತುಂಬ ನೀರೇ ಇದ್ದ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಪಾಲು ಅಲ್ಪವೆಂಬುದೇ ಬಿಡುಗಡೆಯಾದರೆ ಅಪರಾಧಿ ಒಬ್ಬನೂ ಸಿಕ್ಕುವುದಿಲ್ಲ. 90 ಲಕ್ಷ ಪ್ರಾಣಿಗಳು ಮಾತ್ರ ಸತ್ತಿವೆ.

ಎರಡನೆಯದು: ಸತ್ತ ಆಮೆ ಮತ್ತೆ ಬದುಕದು, ಅಜ್ಜನ ಕಾಲದಿಂದ ಮನೆಯಲ್ಲಿರುವ ಹಳೆಯ ಚಿಪ್ಪಿನ ಮೀಟನ್ನು ಬಳಸಿದರೇನು ಎಂಬುದು. ಇದು ಹೆಚ್ಚು ಕಷ್ಟವಾದ ಪ್ರಶ್ನೆ. ಪಿತ್ರಾರ್ಜಿತವಾದ ವಸ್ತುವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡವನನ್ನು ಹಿಂಸಕನೆನ್ನುವುದು ಅತಿರೇಕವಾದೀತು. ಆದರೆ ಇಟ್ಟುಕೊಳ್ಳುವುದು ಬೇರೆ, ಕೊಳ್ಳುವುದು ಬೇರೆ, ಅದಕ್ಕೆ ಸಮಾನವಿಲ್ಲವೆಂದು ನಾಲ್ಕು ಜನರ ಮುಂದೆ ಹೊಗಳುವುದು ಬೇರೆ. ಹಳೆಯದೆಂದು ಹೇಳಿ ಹೊಸದನ್ನು ಮಾರುವವರು ಎಲ್ಲ ಕಾಲದಲ್ಲಿಯೂ ಉಂಟು. ಹಣಕೊಟ್ಟು ಕೊಂಡವನು ತನ್ನ ಬಯಕೆಯಿಂದ ಆ ಮಾರುಕಟ್ಟೆಗೆ ಉಸಿರು ತುಂಬುತ್ತಾನೆ. ಹೊಗಳಿದವನು ತನಗೆ ಗೊತ್ತಿಲ್ಲದೆಯೇ ಇನ್ನೊಬ್ಬನಲ್ಲಿ ಆ ಬಯಕೆಯನ್ನು ಬಿತ್ತುತ್ತಾನೆ. ಇದ್ದುದನ್ನು ಮೌನವಾಗಿ ಇಟ್ಟುಕೊಳ್ಳುವುದಕ್ಕಿಂತ ಮುಂದೆ ಒಂದು ಹೆಜ್ಜೆ ಇಟ್ಟರೂ ವಾದಕನು ಜೀವಂತ ಆಮೆಯ ಲೆಕ್ಕಕ್ಕೆ ಬಂದು ನಿಲ್ಲುತ್ತಾನೆ.

ಮೂರನೆಯದು: ಬದಲಿಯಾಗಿ ಬಂದವುಗಳೂ ನಿರ್ದೋಷವಲ್ಲವೆಂಬುದು. ಇದಕ್ಕೆ ಆ ಬದಲಿಗಳ ಕಥೆಯನ್ನು ಸ್ವಲ್ಪ ತಿಳಿಯಬೇಕು. ಬಿಲಿಯರ್ಡ್ಸ್ ಚೆಂಡುಗಳಿಗೆ ದಂತ ಸಾಲದೆ ಬಂದಾಗ, ದಂತಕ್ಕೆ ಬದಲಿಯನ್ನು ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನವೆಂದು ಅಮೆರಿಕದಲ್ಲಿ ಘೋಷಣೆಯಾಗಿತ್ತು. ಆ ಪ್ರಯತ್ನದಲ್ಲಿ ತೊಡಗಿದ ಜಾನ್ ವೆಸ್ಲಿ ಹಯಟ್ 1870ರ ಸುಮಾರಿಗೆ ಹತ್ತಿಯ ನಾರಿನ ಸತ್ತ್ವವನ್ನು ಆಮ್ಲದಿಂದ ಸಂಸ್ಕರಿಸಿ, ಕರ್ಪೂರದೊಡನೆ ಬೆರೆಸಿ, ಸೆಲ್ಯುಲಾಯ್ಡ್ ಎಂಬ ವಸ್ತುವನ್ನು ತಯಾರಿಸಿದರು. 1922ರಲ್ಲಿ ನ್ಯೂಯಾರ್ಕಿನ ಲೂಯಿಜಿ ಡಿ’ಆಂಡ್ರಿಯ ಅದರ ಹಾಳೆಗಳಿಂದ ಮೀಟುಗಳನ್ನು ಅಚ್ಚೊತ್ತಿ ಮಾರತೊಡಗಿದರು. ಮುಂದೆ ನೈಲಾನ್ ಬಂದಿತು. ಅನಂತರ ಟಾರ್ಟೆಕ್ಸ್ ಬಂದಿತು. ಚಿಪ್ಪಿಗೆ ಬದಲಿಯೆಂದೇ ರೂಪಿಸಿದ ಈ ಮೀಟಿನ ಮೇಲೆ ಆಮೆಯ ಚಿತ್ರವನ್ನು ಅಚ್ಚುಹಾಕಿದ್ದಾರೆ. ಸೆಲ್ಯುಲಾಯ್ಡಿಗೂ ಚಿಪ್ಪಿನ ಮಚ್ಚೆಗಳ ಬಣ್ಣವನ್ನೇ ಕೊಡುವ ರೂಢಿ ಇಂದಿಗೂ ಉಳಿದಿದೆ. ಕಿವಿ ಬಿಟ್ಟ ಮೇಲೂ ಕಣ್ಣು ಬಿಡಲೊಲ್ಲದೆಂಬುದಕ್ಕೆ ಇದು ಸಾಕ್ಷಿ.

ಸೆಲ್ಯುಲಾಯ್ಡ್ ಬೇಗ ಹೊತ್ತಿಕೊಳ್ಳುವ ಪದಾರ್ಥ. ನೈಲಾನ್ ಮೊದಲಾದವು ಕಲ್ಲೆಣ್ಣೆಯಿಂದ ಬಂದವು, ಕಳೆದುಹೋದರೆ ಮಣ್ಣಿನಲ್ಲಿ ಕೊಳೆಯದೆ ಉಳಿಯುವಂಥವು. ಈ ದೋಷಗಳು ನಿಜ. ಎಲ್ಲ ಕಾರ್ಯಗಳಿಗೂ ಯಾವುದಾದರೊಂದು ದೋಷ ಬೆನ್ನು ಹತ್ತಿಯೇ ಇರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಆ ಮಾತಿನಿಂದ ಎಲ್ಲ ದೋಷಗಳೂ ಸಮಾನವೆಂದು ತೀರ್ಮಾನಿಸುವುದು ತಪ್ಪು. ಕಾಲಿಗೆ ಧೂಳು ತಾಗದೆ ನಡೆಯಲಾಗುವುದಿಲ್ಲವೆಂದು ಕೆಸರಿನಲ್ಲಿ ಹೊರಳುವುದನ್ನು ಯಾರೂ ಸಮರ್ಥಿಸರು. ಕಡಿಮೆ ದೋಷದ ದಾರಿಗಳೂ ಇವೆ: ಹಾಲಿನ ಕೇಸೀನಿನಿಂದ ಮಾಡಿದ ಮೀಟು ಚಿಪ್ಪಿನ ಗುಣಕ್ಕೆ ಬಹಳ ಹತ್ತಿರವೆಂದು ಹಲವರು ಮೆಚ್ಚುತ್ತಾರೆ, ಮರ, ಕೊಂಬು, ತೆಂಗಿನ ಕರಟ ಇವೂ ಉಂಟು. ಇನ್ನೊಂದು ವಿಶೇಷವನ್ನು ಇಲ್ಲಿ ಹೇಳಬೇಕು. ಆಮೆಯ ಚಿಪ್ಪು, ದನದ ಕೊಂಬು, ಹಕ್ಕಿಯ ಗರಿ, ನಮ್ಮ ಉಗುರು ಇವೆಲ್ಲವೂ ಕೆರಟಿನ್ ಎಂಬ ಒಂದೇ ಜಾತಿಯ ವಸ್ತುವಿನಿಂದ ಆದವು. ಆಮೆಯ ಬೆನ್ನಿನಿಂದ ಕಿತ್ತುತಂದದ್ದರ ಹತ್ತಿರದ ಬಂಧು ಅಗ್ವಾಡೊ ಅವರ ಬೆರಳ ತುದಿಯಲ್ಲಿಯೇ ಇತ್ತು; ಸವೆದರೆ ಕೆಲವು ವಾರಗಳಲ್ಲಿ ಯಾರಿಗೂ ನೋವಿಲ್ಲದೆ ಮತ್ತೆ ಬೆಳೆಯುತ್ತಿತ್ತು.

ನಾಲ್ಕನೆಯ ಪೂರ್ವಪಕ್ಷ ಎಲ್ಲಕ್ಕಿಂತ ಗಂಭೀರವಾದುದು: ಕಲೆ ಲೋಕಕ್ಕೆ ಆನಂದ ಕೊಡತಕ್ಕದ್ದು, ಉತ್ತಮವಾದ ನಾದಕ್ಕಾಗಿ ಸ್ವಲ್ಪ ಬೆಲೆ ತೆರಬೇಕಾದರೆ ತೆರಬೇಕು ಎಂಬುದು. ಬೆಲೆ ತೆರುವುದು ಸರಿಯೆ; ಆದರೆ ತೆರುವವರು ಯಾರು? ಕಲಾವಿದನು ನಾದಕ್ಕಾಗಿ ತನ್ನ ನಿದ್ರೆಯನ್ನು, ಧನವನ್ನು, ಬೆರಳ ಚರ್ಮವನ್ನು ತೆತ್ತರೆ ಅದು ತಪಸ್ಸು. ಬೆಂಕಿಯ ಮೇಲೆ ತೂಗುವ ಮೂಕಪ್ರಾಣಿ ತೆತ್ತರೆ ಅದಕ್ಕೆ ತಪಸ್ಸೆಂಬ ಹೆಸರು ಒಪ್ಪದು. ಅಲ್ಲದೆ ಚಿಪ್ಪಿನ ಮೀಟಿಗೂ ಒಳ್ಳೆಯ ಬದಲಿ ಮೀಟಿಗೂ ಇರುವ ಅಂತರ ಎಷ್ಟು? ಮೀಟುವ ಸ್ಥಾನವನ್ನು ತಂತಿಯ ಕುದುರೆಯಿಂದ ನಾಲ್ಕು ಬೆರಳು ಆಚೆಗೆ ಸರಿಸಿದರೆ, ಮೀಟಿನ ಅಂಚನ್ನು ಸ್ವಲ್ಪ ಓರೆಮಾಡಿದರೆ, ನಾದ ಎದ್ದುಕಾಣುವಂತೆ ಬದಲಾಗುತ್ತದೆ; ಇವು ಅಭ್ಯಾಸದಿಂದ ಬರತಕ್ಕವು. ಇಷ್ಟಾದರೂ ಯಾವುದೋ ಒಂದು ಸೂಕ್ಷ್ಮವಾದ ಮಾಧುರ್ಯ ಚಿಪ್ಪಿನಲ್ಲಿ ಮಾತ್ರ ಉಳಿಯುತ್ತದೆ ಎನ್ನುವುದಾದರೆ ಉಳಿಯಲಿ. ಅದನ್ನು ಕಳೆದುಕೊಳ್ಳುವುದು ನಿಜವಾದ ನಷ್ಟವೆಂದು ಒಪ್ಪಿ, ತಿಳಿದೇ ಬಿಡಬೇಕು. ನಷ್ಟವಿಲ್ಲದ ತ್ಯಾಗವನ್ನು ಮಾಡಲು ಧರ್ಮಬುದ್ಧಿಯ ಅವಶ್ಯಕತೆಯೇ ಇಲ್ಲ.

ಪರರ ಹಿತವನ್ನೆಣಿಸಿ ನಡೆದರೆ ಕಲೆ ಬಡವಾಗುತ್ತದೆ ಎಂಬ ಭಯಕ್ಕೆ ವೆಸ್ ಮಾಂಟ್‌ಗೊಮರಿ (1923–1968) ಅವರ ಕಥೆ ಒಳ್ಳೆಯ ಸಮಾಧಾನ. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಈ ಗಿಟಾರ್ ವಾದಕರು ಹಗಲು ಕೂಲಿ ದುಡಿದು ರಾತ್ರಿ ಅಭ್ಯಾಸಮಾಡಬೇಕಾಗಿತ್ತು. ಮೀಟಿನ ತೀಕ್ಷ್ಣವಾದ ದನಿಯಿಂದ ಮನೆಯವರಿಗೂ ನೆರೆಯವರಿಗೂ ನಿದ್ರಾಭಂಗವಾಗುತ್ತದೆಂದು ಅವರು ಮೀಟನ್ನು ಬಿಟ್ಟು ಹೆಬ್ಬೆರಳಿನಿಂದ ನುಡಿಸತೊಡಗಿದರೆಂದು ಪ್ರಸಿದ್ಧಿ. ಆ ಸಂಯಮದಿಂದ ಹುಟ್ಟಿದ ತುಂಬು ಮೃದುನಾದವೇ ಅವರ ಕೀರ್ತಿಗೆ ಕಾರಣವಾಯಿತು. ಇಂದಿಗೂ ಎಷ್ಟೋ ಮಂದಿ ಅದನ್ನು ಅನುಸರಿಸಲು ಯತ್ನಿಸುತ್ತಾರೆ. ಒಂದು ದಾರಿಯನ್ನು ಮುಚ್ಚಿದಾಗ ಕೈ ಬೇರೊಂದನ್ನು ಕಂಡುಕೊಂಡಿತು. ಅಂಥದು ಯಾವಾಗಲೂ ದೊರೆಯುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ದೊರೆಯಲಾರದೆಂದು ಮೊದಲೇ ನಿಶ್ಚಯಿಸುವುದಕ್ಕೂ ಆಧಾರವಿಲ್ಲ.

ಇನ್ನು ಒಂದು ಮಾತು ಉಳಿಯಿತು. ಅಂತಃಸಾಕ್ಷಿಗೆ ಒಪ್ಪಿಗೆಯಾದ ಮೀಟುಗಳಲ್ಲಿಯೇ ಅತ್ಯುತ್ತಮವಾದದ್ದನ್ನು ಹುಡುಕುತ್ತಾ ವರ್ಷಗಳನ್ನು ಕಳೆಯುವವರು ಇದ್ದಾರೆ. ಇಂದು ಒಂದು, ನಾಳೆ ಇನ್ನೊಂದು; ಪ್ರತಿಯೊಂದರಲ್ಲಿಯೂ ಎಂಟು ದಿನದ ಸಂತೋಷ, ಒಂಬತ್ತನೆಯ ದಿನ ಕೊರತೆ. ಹುಡುಕಾಟದಲ್ಲಿ ದೋಷವಿಲ್ಲ, ಕೈಗೆ ಒಗ್ಗದ ಸಾಧನದೊಡನೆ ಹೋರಾಡುವುದು ಸಾಧನೆಯೂ ಅಲ್ಲ. ಆದರೆ ಹುಡುಕಾಟವು ಅಭ್ಯಾಸದ ಸ್ಥಾನವನ್ನು ಆಕ್ರಮಿಸಿದಾಗ, ಕೈಯ ಕೊರತೆಯನ್ನು ಮೀಟಿನ ಮೇಲೆ ಹೊರಿಸಿದಂತಾಗುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ಇದಕ್ಕೇ ಹೇಳಿದಂತಿದೆ. ಇಂಗ್ಲೆಂಡಿನ ಬ್ರಯನ್ ಮೇ ಅವರು ದಶಕಗಳಿಂದ ಆರು ಪೆನ್ಸಿನ ಹಳೆಯ ನಾಣ್ಯವನ್ನೇ ಮೀಟಾಗಿ ಬಳಸುತ್ತಾರೆ. ಅದರ ಗರಗಸದಂಥ ಅಂಚು ತಂತಿಗೆ ತಾಗಿ ಬರುವ ತರಿತರಿ ದನಿ ಅವರ ವಾದನದ ಗುರುತಾಗಿದೆ. ಆ ನಾಣ್ಯ ಚಲಾವಣೆಯ ಬೆಲೆಯನ್ನು 1980ರಲ್ಲಿಯೇ ಕಳೆದುಕೊಂಡಿತು. ಅವರ ಕೈಯಲ್ಲಿ ಮಾತ್ರ ಇನ್ನೂ ಸಲ್ಲುತ್ತಿದೆ. ತನಗೆ ಒಗ್ಗಿದ್ದನ್ನು ಕಂಡುಕೊಂಡು, ಅಲ್ಲಿಗೆ ಹುಡುಕಾಟವನ್ನು ನಿಲ್ಲಿಸಿ, ಉಳಿದ ಆಯುಸ್ಸನ್ನು ಸಂಗೀತಕ್ಕೆ ಕೊಟ್ಟವರ ರೀತಿ ಇದು.

ಆದಕಾರಣ ಸರಿಯಾದ ಮೀಟು ಯಾವುದೆಂಬ ಪ್ರಶ್ನೆಗೆ ಉತ್ತರವನ್ನು ಹೀಗೆ ಸಂಗ್ರಹಿಸಬಹುದು. ಮೂರು ಸಾಕ್ಷಿಗಳಲ್ಲಿ ಅಂತಃಸಾಕ್ಷಿಯನ್ನು ಮೊದಲು ಕೇಳಬೇಕು. ಅದು ಬೇಡವೆಂದದ್ದು ಕೈಗೂ ಕಿವಿಗೂ ಎಷ್ಟು ಇಷ್ಟವಾದರೂ ಅಲ್ಲಿಗೆ ಬಿಟ್ಟಿತು. ಅದು ಒಪ್ಪಿದವುಗಳಲ್ಲಿ ಕೈಯೂ ಕಿವಿಯೂ ಸ್ವತಂತ್ರ. ಸೋರ್ ಅವರಿಗೆ ಬೆರಳಾದೀತು, ಅಗ್ವಾಡೊ ಅವರಿಗೆ ಉಗುರಾದೀತು, ಅಲ್ಲಿ ಯಾರೂ ಯಾರನ್ನೂ ದೂರಬೇಕಾದುದಿಲ್ಲ. ಹೀಗೆ ಅಭಿರುಚಿಗೆ ಅದರ ರಾಜ್ಯವೂ ಉಳಿಯುತ್ತದೆ, ಆ ರಾಜ್ಯಕ್ಕೆ ಒಂದು ಎಲ್ಲೆಯೂ ಏರ್ಪಡುತ್ತದೆ. ಬಟ್ಟೆ, ಆಭರಣ, ಅಡಿಗೆ, ಪೂಜೆಯ ಸಾಮಗ್ರಿ ಮೊದಲಾಗಿ ನಮ್ಮ ಮನೆಗಳಲ್ಲಿ ಚೆಲುವಿಗಾಗಿ ನಾವು ಆರಿಸುವ ಪ್ರತಿಯೊಂದಕ್ಕೂ ಈ ಕ್ರಮ ಸಲ್ಲುತ್ತದೆ ಎಂಬುದನ್ನು ವಾಚಕರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ನುಡಿಸುವ ಹೊತ್ತಿನಲ್ಲಿ ವಾದಕನು ಮೀಟನ್ನು ಮರೆಯಬೇಕು; ಅದು ಕೈಯಲ್ಲಿದೆಯೆಂಬ ಅರಿವಿರುವವರೆಗೂ ಸಂಗೀತ ಪೂರ್ತಿಯಾಗಿ ಅವನದಾಗುವುದಿಲ್ಲ. ಆ ಮರೆವಿಗೆ ಯೋಗ್ಯವಾದ ಮೀಟು ಯಾವುದೆಂದರೆ, ವಾದನ ಮುಗಿದ ಮೇಲೆ ಅದು ಎಲ್ಲಿಂದ ಬಂದಿತೆಂದು ನೆನೆದುಕೊಂಡರೂ ಮನಸ್ಸನ್ನು ನೋಯಿಸದಂಥದು.